ಆಷಾಢದಲ್ಲಿ ಮೃದಂಗ

ಯುಗಾದಿ ಹತ್ತಿರ ಬಂತೆಂದರೆ ಬೆಂಗಳೂರಿನ ಮೃದಂಗದವರ ಫೋನಿಗೆ ಬಿಡುವಿಲ್ಲ. ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಉತ್ಸವ 1939ರಲ್ಲಿ ಶುರುವಾದದ್ದು; ಕೋಟೆ ಹೈಸ್ಕೂಲಿನ ಮೈದಾನದ ಪೆಂಡಾಲಿನಲ್ಲಿ ಅದು ಬೆಳೆದು ಇವತ್ತು ತಿಂಗಳಿಡೀ ನಡೆಯುತ್ತದೆ. ಅದರ ಜೊತೆಗೆ ಬಡಾವಣೆಗೊಂದು ರಾಮೋತ್ಸವ, ಮೈಸೂರು, ಹಾಸನ, ಶಿವಮೊಗ್ಗೆಗಳಲ್ಲಿ ಇನ್ನಷ್ಟು. ಒಂದೇ ಸಂಜೆ ಎರಡು ಕಛೇರಿ ಒಪ್ಪಿಕೊಂಡು, ದಾರಿಯಲ್ಲಿ ಸಿಕ್ಕಿಕೊಂಡು, ಗಾಯಕರು ವರ್ಣ ಎತ್ತಿಕೊಂಡ ಮೇಲೆ ಬೆವರೊರೆಸಿಕೊಳ್ಳುತ್ತ ಬಂದು ಕೂರುವವರೂ ಇದ್ದಾರೆ. ಆಮೇಲೆ ಗಣೇಶೋತ್ಸವ, ದಸರಾ, ಡಿಸೆಂಬರಿನಲ್ಲಿ ಮದರಾಸಿನ ಮಾರ್ಗಳಿ ಸಂಗೀತೋತ್ಸವ. ಇವುಗಳ ನಡುವೆ ಆಷಾಢ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕರಾವಳಿಯಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳಿಗೆ ಮಳೆಗಾಲದ ರಜೆ. ಲಯವಾದ್ಯ ನಂಬಿದವರ ಬದುಕನ್ನು ಅಳೆಯಬೇಕಾದರೆ ರಾಮನವಮಿಯಲ್ಲಲ್ಲ, ಆಷಾಢದಲ್ಲಿ ಅಳೆಯಬೇಕು. ಆ ತಿಂಗಳ ಮನೆಬಾಡಿಗೆ ಎಲ್ಲಿಂದ ಬರುತ್ತದೆ? ಪೇಟೆಯ ಬಹುಪಾಲು ಮನೆಗಳಲ್ಲಿ ಸಿಗುವ ಉತ್ತರ ಒಂದೇ: ಕ್ಲಾಸಿನಿಂದ.

ಈ ವಿಷಯ ಎಲ್ಲರಿಗೂ ಗೊತ್ತು, ಆದರೂ ಲೆಕ್ಕಕ್ಕೆ ಬರುವುದಿಲ್ಲ. ಮೃದಂಗ, ತಬಲಾ, ಘಟ, ಖಂಜಿರ, ಮದ್ದಳೆಗಳವರ ಬಗ್ಗೆ ಬರೆಯುವಾಗ ನಾವು ಬರೆಯುವುದು ವೇದಿಕೆಯ ಕಥೆ: ಯಾರಿಗೆ ನುಡಿಸಿದರು, ಎಲ್ಲಿ ನುಡಿಸಿದರು, ಯಾವ ಬಿರುದು ಬಂತು. ಪಾಠದ ಸಂಗತಿ ಕೊನೆಯ ವಾಕ್ಯದಲ್ಲಿ, 'ಅನೇಕ ಶಿಷ್ಯರನ್ನು ತಯಾರು ಮಾಡಿದ್ದಾರೆ' ಎಂಬಲ್ಲಿಗೆ ಮುಗಿಯುತ್ತದೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ಕಳೆದ ಅರ್ಧ ಶತಮಾನದಲ್ಲಿ ಈ ಜನರ ಕಸುಬು ಪಾಠವೇ ಆಗಿದೆ, ಕಛೇರಿ ಆ ಕಸುಬಿಗೆ ಹೆಸರು ತಂದುಕೊಡುವ ಬೋರ್ಡಾಗಿದೆ. ಮರ್ಯಾದೆಯ ಲೆಕ್ಕ ಮಾತ್ರ ಹಳೆಯದೇ ಉಳಿದುಕೊಂಡಿದೆ.

ವೇದಿಕೆಯಿಂದಲೇ ಶುರುಮಾಡೋಣ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಸಂಘಟಕರು ಮಾತಾಡುವುದು ಹಾಡುವವರೊಂದಿಗೆ. ಎಷ್ಟೋ ಕಡೆ ಸಂಭಾವನೆ ಒಟ್ಟಾಗಿ ಒಬ್ಬರ ಕೈಗೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತದೆ. ಪಿಟೀಲಿಗೆ ಇಷ್ಟು, ಮೃದಂಗಕ್ಕೆ ಇಷ್ಟು ಎಂಬುದಕ್ಕೆ ಬರೆದಿಟ್ಟ ನಿಯಮವಿಲ್ಲ, ಕೇಳುವ ರೂಢಿಯೂ ಇಲ್ಲ. ಕೇಳಿದರೆ ಮುಂದಿನ ಸಲ ಕರೆ ಬರುವುದಿಲ್ಲ ಎಂಬ ಅಳುಕು. ಘಟ, ಖಂಜಿರ, ಮೋರ್ಸಿಂಗ್‌ಗಳ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಉಪಪಕ್ಕವಾದ್ಯ ಎಂದೇ ಅವುಗಳಿಗೆ ಹೆಸರು. ಸಭೆಯ ಖಜಾನೆ ಸೊರಗಿದಾಗ ಮೊದಲು ಕೈಬಿಡುವುದು ಇವರನ್ನು. ಕೃತಿಯ ಗತಿ ಹಿಡಿದು ನಿಲ್ಲಿಸುವವರು, ಗಾಯಕರು ಸ್ವರ ಹಾಕುವಾಗ ಎಡವಿದರೆ ಕೇಳುಗರಿಗೆ ತಿಳಿಯದಂತೆ ಸರಿದೂಗಿಸುವವರು, ಎರಡೂವರೆ ಗಂಟೆ ಒಂದೇ ಭಂಗಿಯಲ್ಲಿ ಕೂತವರು. ಅವರಿಗೆ ಸ್ವಂತಕ್ಕೆಂದು ಸಿಗುವುದು ತನಿ ಆವರ್ತನದ ಹತ್ತು ಹದಿನೈದು ನಿಮಿಷ. ಅದೇ ಹೊತ್ತಿಗೆ ಸಭಾಂಗಣದ ಅರ್ಧ ಜನ ಕಾಫಿಗೆಂದು ಏಳುತ್ತಾರೆ. ಮುಖ್ಯ ಕಲಾವಿದರು ತಾಳ ಹಾಕುತ್ತ ಎದುರಿಗೆ ಕೂತಿರುವಾಗಲೇ ಬೆನ್ನು ತೋರಿಸಿ ಹೊರಡುವ ಈ ಧೈರ್ಯ ರಾಗಾಲಾಪನೆಯ ಹೊತ್ತಿನಲ್ಲಿ ಯಾರಿಗೂ ಬರುವುದಿಲ್ಲ.

ದೊಡ್ಡವರಿಗೂ ಈ ಪಂಕ್ತಿಭೇದ ತಪ್ಪಿರಲಿಲ್ಲ. ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಮೃದಂಗದವರೊಬ್ಬರಿಗೆ ಮೊದಲು ಸಿಕ್ಕಿದ್ದು 1966ರಲ್ಲಿ, ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ. ಅವರ ಸಾಟಿಯೆಂದೇ ಎಣಿಸಲಾಗುತ್ತಿದ್ದ, ಎಡಚರಾಗಿದ್ದ ಪಳನಿ ಸುಬ್ರಮಣ್ಯ ಪಿಳ್ಳೆಯವರು ಅದಕ್ಕೆ ಮೊದಲೇ, 1962ರಲ್ಲಿ ತೀರಿಕೊಂಡಿದ್ದರು. ಉಮಯಾಳ್‌ಪುರಂ ಶಿವರಾಮನ್ ಮೃದಂಗದ ಜೊತೆಗೇ ಕಾನೂನು ಪದವಿಯನ್ನೂ ಪಡೆದಿಟ್ಟುಕೊಂಡವರು. ಬೆಂಗಳೂರಿನ ಹಿಂದಿನ ತಲೆಮಾರಿನಲ್ಲೂ ಇದೇ ಜಾಣತನ: ಹಗಲು ಬ್ಯಾಂಕು, ಕಾರ್ಖಾನೆ ಅಥವಾ ಸರ್ಕಾರಿ ಕಚೇರಿ, ಸಂಜೆ ಮೃದಂಗ. 'ಪಾರ್ಟ್‌ಟೈಮ್' ಎಂದು ಮೂಗು ಮುರಿಯುವವರು ಒಂದನ್ನು ಮರೆಯುತ್ತಾರೆ. ನಾಡಿನ ಎಷ್ಟೋ ಸಣ್ಣ ಸಭೆಗಳ ಸಂಗೀತ ಆ ಸಂಬಳಗಳ ಮೇಲೆ ನಿಂತಿತ್ತು. ಕೊಟ್ಟಷ್ಟು ಪಡೆದು ನುಡಿಸುವವರು ಇದ್ದದ್ದರಿಂದ ಸಭೆಗಳು ಬದುಕಿದವು. ಅದೇ ಕಾರಣಕ್ಕೆ, ಸಂಬಳವಿಲ್ಲದೆ ವಾದ್ಯವನ್ನೇ ನಂಬಿದವರ ದರವೂ ಮೇಲೇಳಲಿಲ್ಲ.

ಸಂಬಳ ಮತ್ತು ವಾದ್ಯ ಎರಡನ್ನೂ ಒಂದೇ ಕಡೆ ಕೊಟ್ಟದ್ದು ಆಕಾಶವಾಣಿ. ಧಾರವಾಡ ನಿಲಯ 1950ರಲ್ಲಿ, ಬೆಂಗಳೂರಿನದು 1955ರಲ್ಲಿ ಶುರುವಾದವು. ನಿಲಯ ಕಲಾವಿದರೆಂದರೆ ತಿಂಗಳ ಕೊನೆಗೆ ಸಂಬಳ, ವಯಸ್ಸಾದ ಮೇಲೆ ಪಿಂಚಣಿ. ಬೆಳಿಗ್ಗೆ ಶಾಸ್ತ್ರೀಯ ಸಂಗೀತ, ಮಧ್ಯಾಹ್ನ ಸುಗಮ ಸಂಗೀತದ ಧ್ವನಿಮುದ್ರಣ, ಸಂಜೆ ರೂಪಕಕ್ಕೆ ಹಿನ್ನೆಲೆ. ಒಬ್ಬನೇ ತಬಲಾದವನು ಖಯಾಲಿಗೂ ಕೂರುತ್ತಿದ್ದ, ವಚನಕ್ಕೂ ಕೂರುತ್ತಿದ್ದ, ಜನಪದ ಗೀತೆಗೂ ಕೂರುತ್ತಿದ್ದ. ಇಂಥ ತಾಲೀಮು ಬೇರೆಲ್ಲೂ ಸಿಗುವಂಥದ್ದಲ್ಲ. ಬಿ, ಬಿ-ಹೈ, ಎ, ಟಾಪ್ ಎಂಬ ರೇಡಿಯೋ ಶ್ರೇಣಿಗಳು ಇವತ್ತಿಗೂ ಆಮಂತ್ರಣ ಪತ್ರಿಕೆಗಳಲ್ಲಿ ಹೆಸರಿನ ಪಕ್ಕ ಅಚ್ಚಾಗುತ್ತವೆ. ಶ್ರೇಣಿ ಉಳಿಯಿತು, ಹುದ್ದೆ ಉಳಿಯಲಿಲ್ಲ. ನಿವೃತ್ತರಾದವರ ಜಾಗಗಳು ಬಹುಪಾಲು ಖಾಲಿ ಬಿದ್ದವು. ಒಂದು ತಲೆಮಾರಿನ ಹುಡುಗರು 'ನಿಲಯಕ್ಕೆ ಸೇರಬೇಕು' ಎಂದು ಅಭ್ಯಾಸ ಮಾಡುತ್ತಿದ್ದರು. ಈಗಿನವರು ಆ ಕನಸನ್ನೇ ಕಾಣುವುದಿಲ್ಲ.

ಉತ್ತರ ಕರ್ನಾಟಕದ ತಬಲಾ ಹಿಡಿದ ದಾರಿ ಬೇರೆ. ಅಲ್ಲಿ ಕಂಪನಿ ನಾಟಕಗಳಿದ್ದವು, ಕೀರ್ತನ ಭಜನೆಗಳಿದ್ದವು, ಮಠದ ಜಾತ್ರೆಗಳಿದ್ದವು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಿಟ್ಟು ಈ ಕಥೆ ಹೇಳಲಾಗದು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರನ್ನೂ ಕಾಸಿಲ್ಲದೆ ಕೊಟ್ಟರು. ಪುಟ್ಟರಾಜರು ಸ್ವತಃ ತಬಲಾ, ಹಾರ್ಮೋನಿಯಂ, ಪಿಟೀಲು ನುಡಿಸಬಲ್ಲವರಾಗಿದ್ದರು, ಆಶ್ರಮದ ಖರ್ಚಿಗೆಂದು ನಾಟಕ ಕಂಪನಿಯನ್ನೂ ನಡೆಸಿದರು. ಅಲ್ಲಿಂದ ಹೊರಬಂದ ತಬಲಾ ವಾದಕರು ರಾಜ್ಯದ ಉದ್ದಗಲಕ್ಕೂ ಶಾಲೆ, ಮಠ, ಆಶ್ರಮಗಳಲ್ಲಿ ಮೇಷ್ಟ್ರಾದರು. ಕಲಿಸುವುದೇ ಬದುಕು ಎಂದು ಮೊದಲಿನಿಂದಲೂ ತಿಳಿದು ಕಲಿತವರು ಇವರು. ವೇದಿಕೆ ಸಿಕ್ಕರೆ ಸಂತೋಷ, ಸಿಗದಿದ್ದರೆ ಪಾಠವಿದ್ದೇ ಇದೆ ಎಂಬ ಈ ನಿಲುವಿನಲ್ಲಿ ದೊಡ್ಡ ಸಭೆಗಳ ಸುತ್ತ ಕಾಣುವ ಕಹಿ ಕಡಿಮೆ. ಹಾಗೆಂದು ಆಸೆ ಕಡಿಮೆಯೇ? ಗಂಗೂಬಾಯಿ ಹಾನಗಲ್ ಅವರಿಗೆ ಶೇಷಗಿರಿ ಹಾನಗಲ್ ಅವರ ತಬಲಾ ಹೊಂದಿಕೊಳ್ಳುತ್ತಿದ್ದ ರೀತಿಯನ್ನು ಕೇಳಿದವರಿಗೆ ವಿಲಂಬಿತ ಲಯದಲ್ಲಿ ಠೇಕಾ ಹಿಡಿದು ಕೂರುವುದೇ ಒಂದು ತಪಸ್ಸೆಂದು ಗೊತ್ತು. ಸಂಗತ್ ಎನ್ನುವ ಆ ವಿದ್ಯೆಗೆ ಚಪ್ಪಾಳೆ ಬೀಳುವುದಿಲ್ಲ. ಕಾಯ್ದಾ, ರೇಲಾಗಳ ಸೋಲೋಗೆ ಬೀಳುತ್ತದೆ. 2024ರ ಫೆಬ್ರವರಿಯಲ್ಲಿ ಒಂದೇ ರಾತ್ರಿ ಮೂರು ಗ್ರ್ಯಾಮಿ ಪಡೆದು, ಅದೇ ಡಿಸೆಂಬರಿನಲ್ಲಿ ತೀರಿಕೊಂಡ ಜಾಕಿರ್ ಹುಸೇನ್ ತಬಲಾವನ್ನು ಪೋಸ್ಟರಿನ ನಡುವಿಗೆ ತಂದರು ನಿಜ. ಆದರೆ ಅವರನ್ನು ನೋಡಿ ತಬಲಾ ಕೈಗೆತ್ತಿಕೊಂಡ ಸಾವಿರ ಹುಡುಗರಿಗೆ ಸಿಕ್ಕಿದ್ದು ಪೋಸ್ಟರಲ್ಲ, ಟ್ಯೂಷನ್ನು.

ಕರಾವಳಿಗೆ ಬಂದರೆ ಚಿತ್ರ ಇನ್ನೊಂದು. ಯಕ್ಷಗಾನದ ಮದ್ದಳೆ, ಚಂಡೆಯವರಿಗೆ ವರ್ಷದ ಆರೇಳು ತಿಂಗಳು ಮೇಳದ ಸಂಬಳ. ನವೆಂಬರಿನ ಹೊತ್ತಿಗೆ ಹೊರಟ ತಿರುಗಾಟ ಮೇ ತಿಂಗಳ ಪತ್ತನಾಜೆಗೆ ನಿಲ್ಲುತ್ತದೆ. ರಾತ್ರಿ ದುಡಿಮೆ, ಹಗಲು ನಿದ್ದೆ, ದಿನಕ್ಕೊಂದು ಊರು. ಹಿಮ್ಮೇಳದಲ್ಲಿ ಭಾಗವತರದ್ದೇ ಯಜಮಾನಿಕೆಯಾದರೂ ಇಲ್ಲಿ ಮದ್ದಳೆಗಾರನನ್ನು ಬದಿಗೆ ಸರಿಸಲಾಗದು. ವೇಷಧಾರಿಯ ಹೆಜ್ಜೆಯನ್ನು ಕಣ್ಣಲ್ಲಿಟ್ಟುಕೊಂಡು ನುಡಿಸಬೇಕಾದವನು ಅವನು. ಹಿರಿಯಡ್ಕ ಗೋಪಾಲ ರಾಯರು ಏರುಮದ್ದಳೆಯನ್ನು ರೂಢಿಗೆ ತಂದವರು, ಶಿವರಾಮ ಕಾರಂತರ ಪ್ರಯೋಗಗಳಿಗೆ ಮದ್ದಳೆ ಹಿಡಿದವರು. ಯಕ್ಷಗಾನದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಅಮೆರಿಕದ ಮಾರ್ತಾ ಆಷ್ಟನ್ ಅವರಿಗೆ ಗುರುಗಳು. ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ಇವತ್ತಿನ ಹುಡುಗರು ನೆನೆಯುವುದು ಯಾವುದೋ ಒಂದು ರಾತ್ರಿಯ ಆಟಕ್ಕಿಂತ ಹೆಚ್ಚಾಗಿ ಅವರು ಹೇಳಿಕೊಟ್ಟ ರೀತಿಯನ್ನು.

ಮೇಳಗಳು ರಜೆ ಹಾಕಿದ ಮಳೆಗಾಲದಲ್ಲೇ ಕರಾವಳಿಯ ಶಾಲೆಗಳಲ್ಲಿ, ದೇವಸ್ಥಾನಗಳ ಚಾವಡಿಗಳಲ್ಲಿ ಯಕ್ಷಗಾನದ ತರಗತಿಗಳು ಹುರುಪಿನಿಂದ ನಡೆಯುವುದು. ವೃತ್ತಿಯವರ ಬಿಡುವು, ಶಾಲೆಯ ಹೊಸ ವರ್ಷ ಎರಡೂ ಒಟ್ಟಿಗೆ ಬರುತ್ತವೆ. ಪಂಚಾಂಗವೇ ಹೀಗೆ ಪಾಠಕ್ಕೊಂದು ಕಾಲ ಕೊಟ್ಟಿರುವುದು ಬೇರೆ ಲಯವಾದ್ಯಗಳಿಗೆ ಇಲ್ಲದ ಅನುಕೂಲ. ಈಚೆಗೆ ಕಾಲಮಿತಿ ಪ್ರಯೋಗಗಳು ಬಂದು ಆಟ ಮಧ್ಯರಾತ್ರಿಗೆ ಮುಗಿಯುತ್ತಿರುವುದರಿಂದ ಹಿಮ್ಮೇಳದವರಿಗೆ ನಿದ್ದೆ ಸಿಕ್ಕಿದೆ, ಬೆಳಿಗ್ಗೆ ಪಾಠಕ್ಕೆ ಕೂರುವ ಚೈತನ್ಯವೂ ಸಿಕ್ಕಿದೆ. ರಾತ್ರಿ ಕರಗಿ ಬೆಳಗಾಗುವ ಹೊತ್ತಿನ ಬಡಿತ ಕಳೆದುಹೋಯಿತೆಂಬ ಕೊರಗು ಪ್ರೇಕ್ಷಕರದ್ದು. ಚಂಡೆಯವರ ಭುಜ ಹಾಗೆ ಹೇಳಲಿಕ್ಕಿಲ್ಲ.

ಇಷ್ಟರವರೆಗೆ ಹೇಳಿದ್ದು ಗುರುಶಿಷ್ಯರು ಎಂಬ ಮಾತಿಗೆ ಒಗ್ಗಿದ ವಾದ್ಯಗಳ ಕಥೆ. ತಮಟೆಯವರಿಗೆ 'ಮೇಷ್ಟ್ರು' ಎನ್ನಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಹಬ್ಬ, ಸಾವು, ಡಂಗುರ ಎಲ್ಲದಕ್ಕೂ ಊರು ಅವರನ್ನು ಕರೆಯುತ್ತಿತ್ತು, ದೇವಸ್ಥಾನದ ಒಳಗೆ ಮಾತ್ರ ಬಿಡುತ್ತಿರಲಿಲ್ಲ. ಬಿಟ್ಟಿ ಚಾಕರಿಯ ಗುರುತೆಂದು ತಮಟೆಯನ್ನು ಬಿಸಾಡಿದ ದಲಿತ ಯುವಕರೂ ಇದ್ದಾರೆ, ಅದೇ ತಮಟೆಯನ್ನು ಹೋರಾಟದ ಮೆರವಣಿಗೆಯ ಮುಂದಕ್ಕೆ ತಂದವರೂ ಇದ್ದಾರೆ. ಇಬ್ಬರದ್ದೂ ಸರಿಯೆಂದೇ ನನಗನ್ನಿಸುವುದು. ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಬರೆದದ್ದು ಬಾಲ್ಯದಿಂದ ತಮಟೆ ಬಡಿದ ಕಲಾವಿದರೆಂದು. ಅವರು ತಮಟೆ ಕಲಿಸಿದ ಗುರುವೂ ಹೌದು. ಡೊಳ್ಳಿನ ಕಥೆ ಸ್ವಲ್ಪ ಹಗುರ: ಸಾಗರದ ಕಡೆಯ ಹೆಣ್ಣುಮಕ್ಕಳ ತಂಡಗಳು ಡೊಳ್ಳು ಹೊತ್ತು ಕುಣಿದ ಮೇಲೆ ಅದನ್ನು ಕಲಿಸುವ ಶಿಬಿರಗಳು ಶಾಲೆ ಕಾಲೇಜುಗಳಿಗೆ ಬಂದವು.

ಹೆಣ್ಣುಮಕ್ಕಳ ಮಾತು ಬಂತು. ಮೃದಂಗಲೋಕದಲ್ಲಿ ಎರಡು ಬೇಲಿಗಳಿದ್ದವು. ಮೊದಲನೆಯದು, ಹಾಡುವ ಹೆಂಗಸರಿಗೆ ದೊಡ್ಡ ಮೃದಂಗದವರು ಪಕ್ಕದಲ್ಲಿ ಕೂರದಿದ್ದದ್ದು. ಪಾಲ್ಘಾಟ್ ಮಣಿ ಅಯ್ಯರ್ ಬಹುಕಾಲ ಹಾಗೇ ಇದ್ದು, ಕೊನೆಗೆ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿ ಆ ಹಟ ಬಿಟ್ಟರು. ಪಟ್ಟಮ್ಮಾಳ್ ಅವರ ಮಗ ಮಣಿ ಅಯ್ಯರ್ ಅವರ ಶಿಷ್ಯ, ಅಳಿಯ. ಶ್ರುತಿಯ ನೆಪವೂ ಇತ್ತು: ಗಂಡಸರು ಹಾಡುವುದು ಒಂದು, ಒಂದೂವರೆ ಮನೆಯಲ್ಲಾದರೆ ಹೆಂಗಸರದ್ದು ಐದು, ಐದೂವರೆ ಮನೆ, ಅದಕ್ಕೆ ತಗ್ಗು ಶ್ರುತಿಯ ಬೇರೆಯೇ ಮೃದಂಗ ಬೇಕು. ಎರಡನೆಯ ಬೇಲಿ, ಹೆಂಗಸರು ತಾವೇ ಲಯವಾದ್ಯ ಹಿಡಿಯುವುದು. ಸುಕನ್ಯಾ ರಾಮಗೋಪಾಲ್ ಮದರಾಸಿನಲ್ಲಿ ಪಿಟೀಲು ಕಲಿಯಲು ಹೋದವರು ಘಟಕ್ಕೆ ಮನಸೋತರು. ಹುಡುಗಿಯ ಕೈಗೆ ಘಟ ಒಗ್ಗೀತೇ ಎಂದು ಘಟದ ವಿದ್ವಾಂಸ ವಿಕ್ಕು ವಿನಾಯಕರಾಂ ಅನುಮಾನಿಸಿದಾಗ ಅವರ ತಂದೆಯೂ ಗುರುವೂ ಆದ ಹರಿಹರ ಶರ್ಮರು ತಾನು ಕಲಿಸುತ್ತೇನೆಂದರು. ಸುಕನ್ಯಾ ಬೆಂಗಳೂರಿಗೆ ಬಂದು ನೆಲೆಸಿದ ಮೇಲೂ ಹೆಂಗಸಿನ ಜೊತೆ ಕೂರಲು ಒಲ್ಲೆನೆಂದ ಮೃದಂಗದವರಿದ್ದರು. ಸುಕನ್ಯಾ ಜಗಳಕ್ಕೆ ಹೋಗದೆ ಹೆಂಗಸರದ್ದೇ ತಂಡ ಕಟ್ಟಿದರು, 'ಸ್ತ್ರೀ ತಾಳ ತರಂಗ'. ಶ್ರುತಿಗೊಂದರಂತೆ ಘಟಗಳನ್ನು ಜೋಡಿಸಿ 'ಘಟ ತರಂಗ' ನುಡಿಸಿದರು, ಘಟದ ಪಾಠಕ್ಕೆ ಪುಸ್ತಕ ಬರೆದರು. ಪಕ್ಕಕ್ಕೆ ಕರೆಯದಿದ್ದರೆ ನಡುವೆ ಕೂರುತ್ತೇನೆಂಬ ಈ ಉತ್ತರ ಗಂಡಸರಿಗೂ ಪಾಠವಾಗಬಹುದಿತ್ತು.

ಗಂಡಸರಲ್ಲಿ ಆ ದಾರಿ ಹಿಡಿದವರಿಲ್ಲವೆಂದಲ್ಲ. ಟಿ.ಎ.ಎಸ್. ಮಣಿ 1964ರಲ್ಲೇ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರುಮಾಡಿದರು. ಲಯವಾದ್ಯಕ್ಕೇ ಒಂದು ಶಾಲೆ, ಆ ಶಾಲೆಯದ್ದೇ ಒಂದು ತಂಡ. ಅವರ ಪತ್ನಿ ಆರ್.ಎ. ರಮಾಮಣಿ ಅವರ ಹಾಡಿಕೆ ಜೊತೆಗೂಡಿ ಆ ತಂಡ ಯೂರೋಪಿನ ಜಾಜ್ ವೇದಿಕೆಗಳನ್ನು ಏರಿತು. ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ ಜೊತೆಗಿನ 'ಜ್ಯೋತಿ' ಧ್ವನಿಮುದ್ರಿಕೆ 1983ರಲ್ಲಿ ಜರ್ಮನಿಯಿಂದ ಹೊರಬಂತು. ಬೆಂಗಳೂರು ಕೆ. ವೆಂಕಟರಾಂ ಅವರ ಪರ್ಕಸಿವ್ ಆರ್ಟ್ಸ್ ಸೆಂಟರ್ ಲಯದ ಬಗ್ಗೆ ಉಪನ್ಯಾಸ, ಗೋಷ್ಠಿ, ಪ್ರಕಟಣೆಗಳನ್ನು ನಡೆಸಿತು. ಮದರಾಸಿನಷ್ಟು ಸಭೆಗಳಿಲ್ಲದ ಈ ಊರು ಲಯದ ಪಾಠದಲ್ಲಿ ಮುಂದೆ ಹೋದದ್ದಕ್ಕೆ ಕಾರಣ ಇಂಥ ಒಬ್ಬಿಬ್ಬರ ಹಟ. ಕಛೇರಿ ಕಡಿಮೆ ಇದ್ದುದೂ ಒಂದು ಕಾರಣವಿದ್ದೀತು.

ಹೊರದೇಶಗಳ ವಿಶ್ವವಿದ್ಯಾಲಯಗಳು ಈ ಪಾಠದ ಬೆಲೆಯನ್ನು ನಮಗಿಂತ ಬೇಗ ಕಂಡುಕೊಂಡವು. ಭರತನಾಟ್ಯದ ಬಾಲಸರಸ್ವತಿಯವರ ತಮ್ಮ ಟಿ. ರಂಗನಾಥನ್ 1960ರ ದಶಕದಲ್ಲೇ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಮೃದಂಗ ಕಲಿಸುತ್ತಿದ್ದರು. ತಿರುಚ್ಚಿ ಶಂಕರನ್ 1971ರಲ್ಲಿ ಟೊರೊಂಟೊದ ಯಾರ್ಕ್ ವಿಶ್ವವಿದ್ಯಾಲಯ ಸೇರಿ ಅಲ್ಲಿ ಪ್ರಾಧ್ಯಾಪಕರೇ ಆದರು. ಇಬ್ಬರೂ ಪಳನಿ ಸುಬ್ರಮಣ್ಯ ಪಿಳ್ಳೆಯವರ ಶಿಷ್ಯರು. ಮೃದಂಗದವನು ಪ್ರಾಧ್ಯಾಪಕನಾಗಬಹುದು, ವರ್ಷಪೂರ್ತಿ ಸಂಬಳ ಪಡೆದು ಬೇಕಾದಾಗ ಕಛೇರಿ ಮಾಡಬಹುದು ಎಂಬುದು ಆಗಿನ ಕಾಲಕ್ಕೆ ಹೊಸ ಬದುಕು. ಬೆಂಗಳೂರಿನ ನಂಟಿರುವ ಇನ್ನೊಂದು ಎಳೆಯಿದೆ. ಸ್ಪೇನಿನ ರಫಾಯೆಲ್ ರೈನಾ ಇಲ್ಲಿಗೆ ಬಂದು ಟಿ.ಎ.ಎಸ್. ಮಣಿಯವರ ಶಾಲೆಯಲ್ಲಿ, ಆಮೇಲೆ ವಿದುಷಿ ಜಾಹ್ನವಿ ಜಯಪ್ರಕಾಶ್ ಅವರಲ್ಲಿ ಕಲಿತು, ಆಮ್‌ಸ್ಟರ್‌ಡ್ಯಾಮಿನ ಸಂಗೀತ ವಿದ್ಯಾಲಯದಲ್ಲಿ ಕರ್ನಾಟಕ ಲಯವನ್ನು ಪಾಶ್ಚಾತ್ಯ ಸಂಗೀತದ ವಿದ್ಯಾರ್ಥಿಗಳಿಗೆ ಕಲಿಸುವ ಪಠ್ಯವನ್ನೇ ಕಟ್ಟಿದರು. ಅಲ್ಲಿ ಮೃದಂಗ ಬೇಕಿಲ್ಲ; ಬಾಯಲ್ಲಿ ಕೊನ್ನಕ್ಕೋಲ್, ಕೈಯಲ್ಲಿ ತಾಳ, ಅಷ್ಟು ಸಾಕು. ನಮ್ಮಲ್ಲಿ ಪಾಠದ ಮೊದಲ ಮೆಟ್ಟಿಲೆಂದು ಬಿಟ್ಟು ಮುಂದೆ ಹೋಗುವ ತಕಧಿಮಿ ಅಲ್ಲಿ ಇಡೀ ವಿಷಯ. ಬೆಂಗಳೂರಿನ ಬಿ.ಸಿ. ಮಂಜುನಾಥರ ಕೊನ್ನಕ್ಕೋಲ್ ವೀಡಿಯೋಗಳನ್ನು ಡ್ರಮ್ಸ್ ನುಡಿಸುವ ಲೋಕದ ಜನ ಮತ್ತೆ ಮತ್ತೆ ಹಾಕಿಕೊಂಡು ನೋಡುವುದಕ್ಕೂ ಇದೇ ಕಾರಣ. ಈ ಬೇಡಿಕೆಯಿಂದ ಕೆಲವರ ಮನೆ ನಡೆಯುತ್ತಿದೆ. ಕೆಲವರದ್ದು ಮಾತ್ರ.

ಉಳಿದವರ ಪಾಠ ಇಲ್ಲೇ, ಮನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ನಡೆಯುತ್ತದೆ. ಅಲ್ಲಿ ಎಲ್ಲವನ್ನೂ ಆಳುವುದು ಪರೀಕ್ಷೆ. ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ; ಇವುಗಳನ್ನು ಹಿಂದೆ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿತ್ತು, ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದ ಕೈಗೆ ಬಂದಿದೆ. ತಬಲಾದವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕದಿಂದ ಅಲಂಕಾರದವರೆಗಿನ ಮೆಟ್ಟಿಲುಗಳು. ಪರೀಕ್ಷೆಯಿಲ್ಲದೆ ಹೋಗಿದ್ದರೆ ಅರ್ಧ ಕ್ಲಾಸುಗಳು ಮುಚ್ಚುತ್ತಿದ್ದವು, ಅದನ್ನು ಒಪ್ಪಲೇಬೇಕು. ತಂದೆತಾಯಿಗೆ ಸರ್ಟಿಫಿಕೇಟು ಕಣ್ಣಿಗೆ ಕಾಣುವ ಫಲ. ತೊಂದರೆ ಇರುವುದು ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬಲ್ಲಿ. ಆದಿತಾಳದಲ್ಲಿ ಇಷ್ಟು ಪಾಠ, ಮಿಶ್ರಚಾಪಿನಲ್ಲಿ ಇಷ್ಟು, ಮೋಹರ, ಕೋರ್ವೆ ಎಂದು ಬಾಯಿಪಾಠ ಒಪ್ಪಿಸಿದ ಹುಡುಗ ತೇರ್ಗಡೆಯಾಗುತ್ತಾನೆ. ಅದೇ ಹುಡುಗನನ್ನು ಹಾಡುವವರ ಪಕ್ಕ ಕೂರಿಸಿದರೆ ವಿಳಂಬಗತಿಯ ಕೃತಿಯಲ್ಲಿ ಎಲ್ಲಿ ಸುಮ್ಮನಿರಬೇಕೆಂದು ತಿಳಿಯದೆ ಕೈ ಬಡಿಯುತ್ತಲೇ ಇರುತ್ತಾನೆ. ಪಕ್ಕವಾದ್ಯವೆಂಬುದು ಪಕ್ಕದಲ್ಲಿ ಕೂತೇ ಕಲಿಯಬೇಕಾದ ವಿದ್ಯೆ. ಗುರುವಿನ ಹಿಂದೆ ತಂಬೂರಿ ಹಿಡಿದು, ತಾಳ ಹಾಕಿ, ನೂರಾರು ಕೃತಿಗಳ ಎಡುಪು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಿದ್ದ ಹಾದಿ ಅದು. ಅದನ್ನು ನಲವತ್ತೈದು ನಿಮಿಷದ ಕ್ಲಾಸಿಗೆ ಇಳಿಸುವುದು ಹೇಗೆ ಎಂಬ ಪ್ರಶ್ನೆಗೆ ಒಬ್ಬೊಬ್ಬ ಮೇಷ್ಟ್ರು ತಮಗೆ ತೋಚಿದಂತೆ ಉತ್ತರ ಕಂಡುಕೊಂಡಿದ್ದಾರೆ. ನುಡಿಸುವವರಿಗೆ ಶ್ರೇಣಿಯಿದೆ, ಪದವಿಯಿದೆ. ಕಲಿಸುವುದನ್ನು ಕಲಿಸುವ ವ್ಯವಸ್ಥೆ ಮಾತ್ರ ಎಲ್ಲೂ ಗಟ್ಟಿಯಾಗಿ ಬೇರೂರಿಲ್ಲ. ಎಂಟು ವರ್ಷದ ಮಗುವಿನ ಬೆರಳಿಗೆ ಎಷ್ಟು ಅಭ್ಯಾಸ ಹಿತ, ಎಡಚನಿಗೆ ವಾದ್ಯ ತಿರುಗಿಸಿ ಕೊಡಬೇಕೇ, ಮಣಿಕಟ್ಟು ನೋಯುತ್ತದೆ ಎಂದ ಹುಡುಗಿಗೆ ಕೂರುವ ಭಂಗಿ ಹೇಗೆ ತಿದ್ದಬೇಕು: ಇವೆಲ್ಲ ಪ್ರತಿ ಮನೆಯಲ್ಲೂ ಹೊಸದಾಗಿ ಕಂಡುಹಿಡಿಯಬೇಕಾದ ಸಂಗತಿಗಳಾಗಿಯೇ ಉಳಿದಿವೆ.

ವಾದ್ಯದ ಖರ್ಚೂ ಈ ಮನೆಗಳ ಲೆಕ್ಕದಲ್ಲಿ ಸಣ್ಣದಲ್ಲ. ಮೃದಂಗದ ಹಲಸಿನ ಮರದ ಕಳಸಿಗೆ ಹಸು, ಎಮ್ಮೆ, ಆಡು ಮೂರರ ಚರ್ಮವೂ ಬೇಕು. ಬಲದ ಕರಣೆ ನಿತ್ಯದ ಅಭ್ಯಾಸಕ್ಕೆ ಬಿರುಕು ಬಿಡುತ್ತದೆ, ಮುಚ್ಚಿಗೆ ಬದಲಿಸಬೇಕಾಗುತ್ತದೆ, ಎಡಕ್ಕೆ ಪ್ರತಿ ಸಲ ರವೆ ಕಲಸಿ ಹಚ್ಚಬೇಕು. ಆ ಕಪ್ಪು ಕರಣೆಯಿಂದಾಗಿ ಚರ್ಮದ ನಾದ ತಂತಿಯ ನಾದದಂತೆ ಶ್ರುತಿಬದ್ಧವಾಗುವುದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾದ ಪ್ರಬಂಧವನ್ನೇ ಬರೆದರು. ಕರಣೆ ಹಚ್ಚುವ ಕೈಗಳ ಬಗ್ಗೆ ಪುಸ್ತಕವೊಂದು ಬರಲು 2020ರವರೆಗೆ ಕಾಯಬೇಕಾಯಿತು, ಟಿ.ಎಂ. ಕೃಷ್ಣ ಅವರ 'ಸೆಬಾಸ್ಟಿಯನ್ ಅಂಡ್ ಸನ್ಸ್'. ಪಾಲ್ಘಾಟ್ ಮಣಿ ಅಯ್ಯರ್ ಅವರ ನಾದದ ಹಿಂದೆ ಪರ್ಲಾಂದು ಎಂಬ ಕುಶಲಕರ್ಮಿಯ ದುಡಿಮೆ ಎಷ್ಟಿತ್ತೆಂದು ಅದು ಬಿಚ್ಚಿಟ್ಟಿತು. ಪುಸ್ತಕ ಬಿಡುಗಡೆಗೆ ಮೊದಲು ಒಪ್ಪಿದ್ದ ಮದರಾಸಿನ ಕಲಾಕ್ಷೇತ್ರ ಆಮೇಲೆ ಹಿಂದೆ ಸರಿಯಿತು. ಮೃದಂಗದವರು ಗಾಯಕರಿಂದ ಎದುರಿಸಿದ ಪಂಕ್ತಿಭೇದವನ್ನೇ ಮೃದಂಗ ಕಟ್ಟುವವರು ಮೃದಂಗದವರಿಂದ ಎದುರಿಸಿದ್ದರು. ಈಗ ಫೈಬರ್ ಕಳಸಿ, ನಟ್ಟು ಬೋಲ್ಟಿನ ಮೃದಂಗಗಳು ಬಂದಿವೆ. ಹೊರದೇಶದ ಮಕ್ಕಳಿಗೆ, ಅಪಾರ್ಟ್‌ಮೆಂಟಿನ ಕ್ಲಾಸುಗಳಿಗೆ ಅವು ಅನುಕೂಲ.

ಸಿನಿಮಾ ಮತ್ತು ಆರ್ಕೆಸ್ಟ್ರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಾಲದಲ್ಲಿ ತಬಲಾ, ಢೋಲಕ್, ಢೋಲ್ಕಿಗಳವರಿಗೆ ಹಾಡಿನ ಧ್ವನಿಮುದ್ರಣ ಒಳ್ಳೆಯ ಆದಾಯ ಕೊಡುತ್ತಿತ್ತು. ರಿದಂ ಪ್ಯಾಡು, ಕಂಪ್ಯೂಟರಿನಲ್ಲಿ ಕೂಡಿಟ್ಟ ಬಡಿತಗಳು ಬಂದ ಮೇಲೆ ಹತ್ತು ಜನರ ಕೆಲಸ ಒಬ್ಬರಿಗೆ ಬಂತು.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಿದ್ದಾಗ ರಾಮನವಮಿಗೆ ಹತ್ತೂ ದಿನ ಉಳಿದಿರಲಿಲ್ಲ. ಪೆಂಡಾಲುಗಳು ಏಳಲೇ ಇಲ್ಲ, ಯಕ್ಷಗಾನ ಮೇಳಗಳು ತಿರುಗಾಟದ ನಡುವೆಯೇ ನಿಂತವು, ಜಾತ್ರೆಗಳು ಮುಚ್ಚಿದವು. ಯಾರ ಬದುಕು ಯಾವುದರ ಮೇಲೆ ನಿಂತಿದೆ ಎಂಬುದು ಒಂದೇ ವಾರದಲ್ಲಿ ಬಯಲಾಯಿತು. ಕ್ಲಾಸಿದ್ದವರು ಫೋನನ್ನು ಡಬ್ಬಿಗೆ ಒರಗಿಸಿಟ್ಟು ಆನ್‌ಲೈನ್ ಪಾಠ ಶುರುಮಾಡಿದರು. ಬರೀ ಕಛೇರಿ, ಜಾತ್ರೆ, ಮೆರವಣಿಗೆಗಳನ್ನು ನಂಬಿದವರು ದಿನಸಿ ಕಿಟ್ಟಿನ ಸಾಲಿನಲ್ಲಿ ನಿಂತರು. ವೇದಿಕೆಯ ಮೇಲಿನ ಹೆಸರಿಗೂ ಆ ವರ್ಷದ ಊಟಕ್ಕೂ ಸಂಬಂಧವೇ ಇರಲಿಲ್ಲ.

ಆ ಆನ್‌ಲೈನ್ ಪಾಠ ಹಾಗೇ ಉಳಿದುಕೊಂಡಿತು. ಕ್ಯಾಲಿಫೋರ್ನಿಯಾದ ಸಂಜೆಗೆ ಬೆಂಗಳೂರಿನಲ್ಲಿ ಬೆಳಗಿನ ಜಾವ. ಮೇಷ್ಟ್ರ ಮನೆಯಲ್ಲಿ ಹಾಲಿನವನಿಗಿಂತ ಮೊದಲು ಮೃದಂಗ ಏಳುತ್ತದೆ. 1978ರಲ್ಲಿ ಶುರುವಾದ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಉತ್ಸವದ ಸ್ಪರ್ಧೆಗಳಿಗೆ ತಯಾರಾಗುವ ಮಕ್ಕಳೇ ಈ ಪಾಠಕ್ಕೆ ಒಂದು ದೊಡ್ಡ ಬೇಡಿಕೆ. ಆದರೆ ಈ ಯಂತ್ರದಲ್ಲಿ ಲಯದ ಮಟ್ಟಿಗೆ ಒಂದು ಹುಳುಕಿದೆ. ಧ್ವನಿ ಆ ತುದಿಗೆ ತಲುಪುವಷ್ಟರಲ್ಲಿ ಕ್ಷಣದ ಒಂದು ಪಾಲು ಜಾರಿರುತ್ತದೆ. ಗುರು ಹಾಕಿದ ತಾಳಕ್ಕೆ ಶಿಷ್ಯ ನುಡಿಸಿದರೆ ಗುರುವಿಗೆ ಕೇಳುವುದು ತಪ್ಪಿದ ಲಯ. ಹಾಗಾಗಿ ಒಬ್ಬರ ನಂತರ ಒಬ್ಬರು ನುಡಿಸಬೇಕು. ರಾಗದ ಪಾಠ ಇದನ್ನು ಹೇಗೋ ತಾಳಿಕೊಂಡೀತು. ಇಬ್ಬರು ಒಂದೇ ಉಸಿರಿನಲ್ಲಿ ಸಮಕ್ಕೆ ಬಂದು ಬೀಳುವುದನ್ನೇ ಕಲಿಸಬೇಕಾದ ವಿದ್ಯೆಯಲ್ಲಿ ಇಬ್ಬರೂ ಒಟ್ಟಿಗೆ ನುಡಿಸುವಂತಿಲ್ಲ ಎಂದರೆ ಕಲಿಯುವವನಿಗೆ ಸಿಗುವುದು ಪಾಟಾಕ್ಷರ ಮಾತ್ರ. ಬೇಸಿಗೆ ರಜೆಗೆ ಇಲ್ಲಿಗೆ ಬರುವ ಆ ಮಕ್ಕಳನ್ನು ಮೇಷ್ಟ್ರು ಮೊದಲು ಕೂರಿಸುವುದು ಹಾಡುವವರ ಪಕ್ಕದಲ್ಲೇ.

ಪಾಲ್ಘಾಟ್ ಮಣಿ ಅಯ್ಯರ್ ತಮ್ಮ ಕೊನೆಯ ವರ್ಷಗಳಲ್ಲಿ ಕಛೇರಿಗಳನ್ನು ಬಹುಮಟ್ಟಿಗೆ ಬಿಟ್ಟು ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸಲು ಹೋದರು. ಅವರ ಜೀವನಚರಿತ್ರೆ ಹೇಳುವವರು ಇದನ್ನು ನಿವೃತ್ತಿಯೆಂಬಂತೆ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅಷ್ಟು ದೊಡ್ಡವರು ಶಾಲೆಯ ಮಕ್ಕಳಿಗೆ ಏನು ಹೇಳಿಕೊಟ್ಟರು, ಹೇಗೆ ಹೇಳಿಕೊಟ್ಟರು ಎಂದು ಕೇಳಿದವರು ಕಡಿಮೆ. ಅವರ ತನಿಯ ಒಂದೊಂದು ಮುಕ್ತಾಯವನ್ನೂ ಬರೆದಿಟ್ಟುಕೊಂಡವರು ಬಹಳ.

ಇನ್ನು ಇವತ್ತಿನ ಇಪ್ಪತ್ತರ ಹುಡುಗರು. ಸೀನಿಯರ್ ಮುಗಿಸಿದ ಕೂಡಲೇ ಅವರಿಗೆ ಕೆಲಸ ಸಿಗುವುದು ಭರತನಾಟ್ಯದ ಶಾಲೆಗಳಲ್ಲಿ. ಬೆಂಗಳೂರಿನಲ್ಲಿ ವರ್ಷದುದ್ದಕ್ಕೂ ರಂಗಪ್ರವೇಶಗಳು. ಒಂದೊಂದಕ್ಕೂ ವಾರಗಟ್ಟಲೆ ರಿಹರ್ಸಲ್, ರಿಹರ್ಸಲ್‌ಗೂ ಲೆಕ್ಕ ಹಾಕಿ ದುಡ್ಡು. ನೃತ್ಯಕ್ಕೆ ನುಡಿಸಿದರೆ ಕೈ ಕೆಡುತ್ತದೆಂದು ಹಿರಿಯರು ಗದರುತ್ತಿದ್ದ ಕಾಲವೊಂದಿತ್ತು. ಈಗ ಅದೇ ಹಿರಿಯರು ಶಿಷ್ಯರನ್ನು ಅಲ್ಲಿಗೆ ಕಳಿಸುತ್ತಾರೆ. ದಿನಾ ಇನ್ನೊಬ್ಬರ ಹಾಡಿಗೆ, ಇನ್ನೊಬ್ಬರ ನಟ್ಟುವಾಂಗಕ್ಕೆ, ಇನ್ನೊಬ್ಬರ ಹೆಜ್ಜೆಗೆ ಕಿವಿಗೊಟ್ಟು ನುಡಿಸುವ ಜಾಗ ಈ ಊರಿನಲ್ಲಿ ಅದೊಂದೇ ಉಳಿದಿರುವುದು. ಜತಿ ತಪ್ಪಿದರೆ ಡ್ಯಾನ್ಸ್ ಟೀಚರ್ ಅಲ್ಲೇ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳುತ್ತಾರೆ. ಹುಡುಗ ತಿದ್ದಿಕೊಳ್ಳುತ್ತಾನೆ, ತಿಂಗಳ ಕೊನೆಗೆ ಅವರಿಂದಲೇ ದುಡ್ಡು ಪಡೆಯುತ್ತಾನೆ, ಭಾನುವಾರ ಬೆಳಿಗ್ಗೆ ತನ್ನ ಬೀದಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ತಕಧಿಮಿ ಹೇಳಿಕೊಡುತ್ತಾನೆ.